ವೀಕ್ ಆಗಿರೋ ಆರ್‌ವಿ ಎಸಿ: ರಿಪೇರಿನಾ, ಹೊಸದಾ? ಟೆಕ್ಸಾಸ್‌ನ ಒಂದು ಪ್ರಕರಣ

ಆರ್‌ವಿ ಅಂದ್ರೆ ಒಳಗೇ ಅಡುಗೆಮನೆ, ಹಾಸಿಗೆ ಎಲ್ಲ ಇರೋ ಮನೆಯಂಥ ಗಾಡಿ. ಈ ಗಾಡಿ 2012ರ ಮಾಡೆಲ್ ಟ್ರಾವೆಲ್ ಟ್ರೈಲರ್, ಪಿಕಪ್ ಟ್ರಕ್ ಹಿಂದೆ ಕಟ್ಕೊಂಡು ಎಳ್ಕೊಂಡು ಹೋಗೋ ಜಾತಿದು. 27 ಅಡಿ ಉದ್ದ, 30 ಆಂಪ್ ಕನೆಕ್ಷನ್, ಮೇಲೆ ಒಂದೇ ಒಂದು 13,500 ಬಿಟಿಯು (ಎಸಿ ಗಂಟೆಗೆ ಎಷ್ಟು ಬಿಸಿ ತೆಗೆಯತ್ತೆ ಅನ್ನೋ ಅಳತೆ) ಎಸಿ, ಸೀಲಿಂಗ್ ಒಳಗೆ ಗಾಳಿ ಹಂಚೋ ಡಕ್ಟ್. ಊರು ಟೆಕ್ಸಾಸ್‌ನ ಆಸ್ಟಿನ್ ಹತ್ರ. ಯಜಮಾನ್ರು ನಮ್ಮ ಸ್ನೇಹಿತ್ರು, ಶಿವಮೊಗ್ಗ ಕಡೆಯೋರು, ಗಾಡಿ ಸೆಕೆಂಡ್ ಹ್ಯಾಂಡ್ ತಗೊಂಡಿದ್ರು. ಕಂಪ್ಲೇಂಟ್ ಏನಂದ್ರೆ ಎಸಿ ಓಡತ್ತೆ, ಗಾಳಿನೂ ಬರತ್ತೆ, ಆದ್ರೆ ಮಧ್ಯಾಹ್ನ ಎರಡು ಗಂಟೆ ಆಯ್ತು ಅಂದ್ರೆ ಒಳಗೆ 86 ಡಿಗ್ರಿ ಫ್ಯಾರನ್‌ಹೀಟ್ ಕೆಳಗೆ ಇಳಿಯೋದೇ ಇಲ್ಲ, ಅಂದ್ರೆ ನಮ್ಮ ಲೆಕ್ಕದಲ್ಲಿ 30 ಸೆಲ್ಸಿಯಸ್. ಊರಿಂದ ಬಂದಿದ್ದ ಅವರ ಅಮ್ಮ ಒಂದೇ ಮಾತಲ್ಲಿ ಮುಗಿಸಿಬಿಟ್ರು, "ಇದೆಂಥ ಎಸಿಯೋ ಮಾರಾಯ, ಮನೆ ಜಗಲಿಲಿ ಕೂತ್ರೆ ಇದಕ್ಕಿಂತ ತಣ್ಣಗಿರತ್ತೆ."

ಆರ್‌ವಿ ಎಸಿ ನೋಡದೇ ಇರೋರಿಗೆ ಸ್ವಲ್ಪ ಹೇಳ್ಬಿಡ್ತೀನಿ. ಸ್ಪ್ಲಿಟ್ ಎಸಿ ಥರ ಒಳಗೊಂದು ಹೊರಗೊಂದು ಅಲ್ಲ ಇದು, ವಿಂಡೋ ಎಸಿನ ಮಾಡಿನ ಮೇಲೆ ಮಲಗಿಸಿದ ಹಾಗೆ. ಕಂಪ್ರೆಸರ್, ಎರಡು ಕಾಯಿಲ್ (ಒಂದು ಒಳಗಿನ ಗಾಳಿ ತಣ್ಣಗೆ ಮಾಡೋದು, ಇನ್ನೊಂದು ಬಿಸಿ ಹೊರಗೆ ಬಿಡೋದು), ಫ್ಯಾನ್ ಮೋಟರ್ ಎಲ್ಲ ಒಂದೇ ಡಬ್ಬದಲ್ಲಿ ಇರತ್ತೆ, ಆ ಡಬ್ಬದ ಕೆಳಗೆ ಛಾವಣಿಲಿ 14 ಇಂಚು ಚೌಕದ ಒಂದು ತೂತು, ರೂಮಿನ ಬಿಸಿಗಾಳಿ ಹೀರೋದೂ ಅದ್ರಲ್ಲೇ ತಣ್ಣಗಾದ ಗಾಳಿ ಇಳಿಯೋದೂ ಅದ್ರಲ್ಲೇ, ಮಧ್ಯೆ ಒಂದು ತಡಿಕೆ ಅಷ್ಟೆ. ಈ ತಡಿಕೆ ವಿಷ್ಯ ನೆನಪಿಟ್ಕೊಳ್ಳಿ, ಮುಂದೆ ಬರತ್ತೆ. 12,000 ಬಿಟಿಯು ಅಂದ್ರೆ ಒಂದು ಟನ್, ಹಾಗಾಗಿ 13,500 ಅಂದ್ರೆ ಒಂದು ಟನ್‌ಗಿಂತ ಸ್ವಲ್ಪ ಜಾಸ್ತಿ. ಬೆಂಗಳೂರಲ್ಲಿ ಒಂದು ಬೆಡ್‌ರೂಮಿಗೇ ಒಂದೂವರೆ ಟನ್ ಹಾಕ್ಸೋರಿದ್ದಾರೆ, ಇಲ್ಲಿ ಅದಕ್ಕಿಂತ ಚಿಕ್ಕದ್ರಲ್ಲಿ ಹಾಲು ಅಡುಗೆಮನೆ ಬೆಡ್‌ರೂಮು ಬಾತ್‌ರೂಮು ಎಲ್ಲ ತಣ್ಣಗಾಗ್ಬೇಕು, ಅದೂ ಎರಡು ಇಂಚಿನ ಗೋಡೆ ಇಟ್ಕೊಂಡು. ಬಿಸಿಲು ಕೇಳ್ಬೇಡಿ, 2023ರಲ್ಲಿ ಆಸ್ಟಿನ್‌ನಲ್ಲಿ ಸತತ 45 ದಿನ 100 ಡಿಗ್ರಿ ಫ್ಯಾರನ್‌ಹೀಟ್ ಇಲ್ಲಾ ಅದಕ್ಕಿಂತ ಜಾಸ್ತಿ ಇತ್ತು.

ಸ್ನೇಹಿತ್ರು ನಮ್ಮ ಹತ್ರ ಬರೋಷ್ಟರಲ್ಲಿ ಅವರ ಕೈಲಿ ಎರಡು ಅಭಿಪ್ರಾಯ ಇತ್ತು. ಒಂದು ಡೀಲರ್‌ದು, ಕೆಳಗಿಂದ ಗ್ರಿಲ್ ತೆಗೆದು ನೋಡಿ, ಯೂನಿಟ್ ಹಳೇದಾಗಿದೆ ಬದ್ಲಾಯಿಸಿ, ಲೇಬರ್ ಟ್ಯಾಕ್ಸ್ ಎಲ್ಲ ಸೇರಿ 2,100 ಡಾಲರ್ ಅಂತ ಚೀಟಿ ಬರ್ಕೊಟ್ಟಿದ್ರು. ಇನ್ನೊಂದು ಸ್ವಂತದ್ದು, "ಊರಲ್ಲಾಗಿದ್ರೆ ಗ್ಯಾಸ್ ತುಂಬಿಸ್ಕೊಂಡು ಬರ್ತಿದ್ದೆ ಕಣ್ರಿ, ಇಲ್ಲಿ ಎಲ್ಲದಕ್ಕೂ ಹೊಸದು ತಗೋ ಅಂತಾರೆ." ಎರಡೂ ಕಡೆ ನ್ಯಾಯ ಇದೆ, ಆದ್ರೆ ಎರಡೂ ಕಡೆ ಯಾರೂ ಒಂದು ಥರ್ಮಾಮೀಟರ್ ಸಹ ಇಟ್ಟು ನೋಡಿರಲಿಲ್ಲ. ಎಸಿ ವೀಕ್ ಅನ್ನೋದು ಜ್ವರ ಅಂದ ಹಾಗೆ, ಯಾವುದ್ರಿಂದ ಬಂತು ಅಂತ ಗೊತ್ತಾಗದೇ ಮಾತ್ರೆ ಕೊಡೋಕಾಗಲ್ಲ.

ಆರ್‌ವಿ ಎಸಿಲಿ ರಿಪೇರಿನಾ ಹೊಸದಾ ಅನ್ನೋದನ್ನ ನಿರ್ಧಾರ ಮಾಡೋ ಗೆರೆ ಒಂದೇ, ತೊಂದ್ರೆ ಗ್ಯಾಸ್ ಓಡೋ ತಾಮ್ರದ ಪೈಪ್ ಒಳಗಿದೆಯಾ ಹೊರಗಿದೆಯಾ. ಇವೆಲ್ಲ ಫ್ರಿಜ್ ಥರ ಸೀಲ್ಡ್ ಸಿಸ್ಟಮ್, ಕಾರ್ ಎಸಿಗಿರೋ ಹಾಗೆ ಗ್ಯಾಸ್ ಒತ್ತಡ ನೋಡೋ ಗೇಜ್ ಹಾಕೋ ವಾಲ್ವ್ ಬಹುತೇಕ ಯೂನಿಟ್‌ನಲ್ಲಿ ಇರೋದೇ ಇಲ್ಲ. ಹೊರಗಿನ ತೊಂದ್ರೆ ಅಂದ್ರೆ ಕೊಳೆ, ಗಾಳಿ ಸೋರಿಕೆ, ವೋಲ್ಟೇಜ್, ಕೆಪಾಸಿಟರ್ (ಮೋಟರ್ ಸ್ಟಾರ್ಟ್ ಆಗೋಕೆ, ಓಡೋಕೆ ಸಹಾಯ ಮಾಡೋ ಚಿಕ್ಕ ಡಬ್ಬಿ), ಫ್ಯಾನ್ ಮೋಟರ್, ಥರ್ಮೋಸ್ಟಾಟ್, ಇವೆಲ್ಲ ಕಮ್ಮಿ ಕಾಸಲ್ಲಿ ಆಗೋ ಕೆಲ್ಸ. ಒಳಗಿನದು ಅಂದ್ರೆ ಗ್ಯಾಸ್ ಲೀಕು ಇಲ್ಲಾ ಕಂಪ್ರೆಸರ್ ಸವೆದಿರೋದು, ಅಲ್ಲಿ ಲೆಕ್ಕಾಚಾರವೇ ಬೇರೆ.

ಮೊದ್ಲು ನೋಡಿದ್ದು ಕರೆಂಟು. ಗಾಡಿ ಮನೆ ಮುಂದೆ ನಿಂತಿತ್ತು, ಗ್ಯಾರೇಜ್ ಪ್ಲಗ್ಗಿಂದ ಒಂದು ಕಿತ್ತಳೆ ಬಣ್ಣದ ತೆಳು ಎಕ್ಸ್‌ಟೆನ್ಶನ್ ವೈರ್ ಎಳೆದು ಅಡಾಪ್ಟರ್ ಹಾಕಿ ಓಡಿಸ್ತಿದ್ರು. 50 ಅಡಿ 16 ಗೇಜ್ ವೈರಲ್ಲಿ (ಗೇಜ್ ನಂಬರ್ ಜಾಸ್ತಿ ಆದಷ್ಟೂ ವೈರ್ ತೆಳು) 12 ಆಂಪ್ ಹರಿದ್ರೆ ಆ ವೈರಲ್ಲೇ ಹತ್ತತ್ರ 5 ವೋಲ್ಟ್ ಹೋಗತ್ತೆ, ಜೊತೆಗೆ ಮನೆ ವೈರಿಂಗ್‌ನಲ್ಲಿ ಇನ್ನಷ್ಟು. ಒಳಗಿನ ಪ್ಲಗ್ಗಲ್ಲಿ ಮೀಟರ್ ಇಟ್ರೆ ಎಸಿ ಓಡುವಾಗ 107 ವೋಲ್ಟ್. ಈ ಯೂನಿಟ್‌ಗಳು 115 ವೋಲ್ಟ್‌ಗೆ ಮಾಡಿದ್ದು, ಹತ್ತು ಪರ್ಸೆಂಟ್ ಕೆಳಗೆ ಇಳಿದ್ರೆ ಕಂಪ್ರೆಸರ್‌ಗೆ ಸ್ಟಾರ್ಟ್ ಆಗೋಕೇ ಕಷ್ಟ, ಮೋಟರ್ ಬಿಸಿಯಾಗತ್ತೆ. ವೈರ್ ತೆಗೆಸಿ ಗಾಡಿದೇ 30 ಆಂಪ್ ಕೇಬಲ್‌ನ 10 ಗೇಜ್ ವೈರ್ ಜೊತೆ ಹಾಕಿದ್ಮೇಲೆ 115ರ ಹತ್ರ ಬಂತು. ತಂಪು ಜಾಸ್ತಿ ಆಯ್ತಾ ಅಂದ್ರೆ ಇಲ್ಲ. ಆದ್ರೆ ಇದನ್ನ ಸರಿ ಮಾಡದೇ ಮುಂದಿನ ಯಾವ ಅಳತೆನೂ ನಂಬೋ ಹಾಗಿರಲಿಲ್ಲ. ಕೆಲವು ಹಳೇ ಕ್ಯಾಂಪ್‌ಗ್ರೌಂಡಲ್ಲೂ ಇದೇ ಕಥೆ, ಮಧ್ಯಾಹ್ನ ಎಲ್ಲರೂ ಎಸಿ ಹಾಕಿದಾಗ ಕರೆಂಟ್ ಕೊಡೋ ಕಂಬದಲ್ಲೇ 105, 106 ಬರತ್ತೆ, ಅಲ್ಲಿ ಗಾಡಿ ಎಸಿನ ಬೈದು ಪ್ರಯೋಜನ ಇಲ್ಲ.

ಆಮೇಲೆ ಟೆಂಪರೇಚರ್. ಇದಕ್ಕೆ ಬೇಕಾಗಿರೋದು ಅಡುಗೆಗೆ ಇಟ್ಕೊಳೋ ಎರಡು ಪ್ರೋಬ್ ಥರ್ಮಾಮೀಟರ್ ಅಷ್ಟೆ. ಎಸಿ ಇಪ್ಪತ್ತು ನಿಮಿಷ ಓಡಿಸಿ, ಗಾಳಿ ಹೀರೋ ಗ್ರಿಲ್ ಹತ್ರ ಒಂದು, ತಣ್ಣನೆ ಗಾಳಿ ಬರೋ ಕಡೆ ಒಂದು, ಎರಡರ ವ್ಯತ್ಯಾಸ ನೋಡೋದು. ಒಳ್ಳೇ ಯೂನಿಟ್ ಆದ್ರೆ 16ರಿಂದ 22 ಡಿಗ್ರಿ ಫ್ಯಾರನ್‌ಹೀಟ್ ಬರ್ಬೇಕು. ಗಾಳಿಲಿ ತೇವ ಜಾಸ್ತಿ ಇದ್ರೆ, ಗಾಲ್ವೆಸ್ಟನ್ ಥರ ಸಮುದ್ರದ ಕಡೆ, ಸ್ವಲ್ಪ ಕಮ್ಮಿ ಬರತ್ತೆ, ಯಾಕಂದ್ರೆ ಎಸಿ ತನ್ನ ಶಕ್ತಿಲಿ ಒಂದಷ್ಟನ್ನ ಗಾಳಿಯ ನೀರು ಇಳಿಸೋಕೆ ಹಾಕತ್ತೆ. ಇಲ್ಲೊಂದು ತಪ್ಪು ತಿಳುವಳಿಕೆ ಎಲ್ಲರಲ್ಲೂ ಇದೆ, ಆರ್‌ವಿ ಎಸಿ ಹೊರಗಿನ ಬಿಸಿಲಿಗಿಂತ 20 ಡಿಗ್ರಿ ಮಾತ್ರ ತಣ್ಣಗೆ ಮಾಡತ್ತೆ, ಹಾಗಾಗಿ ಹೊರಗೆ 105 ಇದ್ರೆ ಒಳಗೆ 85 ಸಹಜ ಅಂತ. ಆ 20 ಹೊರಗಿನ ಲೆಕ್ಕ ಅಲ್ಲ, ಕಾಯಿಲ್‌ಗೆ ಹೋಗೋ ಗಾಳಿಗೂ ಬರೋ ಗಾಳಿಗೂ ಇರೋ ವ್ಯತ್ಯಾಸ. ಹೊರಗಿನದಕ್ಕೂ ಒಳಗಿನದಕ್ಕೂ ಎಷ್ಟು ವ್ಯತ್ಯಾಸ ಬರತ್ತೆ ಅನ್ನೋದು ಗೋಡೆ, ಕಿಟಕಿ, ನೆರಳು ಇವೆಲ್ಲ ಸೇರಿ ಆಗೋದು.

ಹೊರಗೆ 99 ಇದ್ದ ದಿನ ಬಂದ ನಂಬರ್ ಇದು. ಹೀರೋ ಗಾಳಿ 86, ಯೂನಿಟ್ ಕೆಳಗೇ ಇಟ್ರೆ 73, ಅಂದ್ರೆ 13 ಡಿಗ್ರಿ ವ್ಯತ್ಯಾಸ. ಬೆಡ್‌ರೂಮಿನ ಕೊನೇ ವೆಂಟಲ್ಲಿ 78, ಅಂದ್ರೆ ಬರೀ 8. ಈ ಎರಡು ನಂಬರ್ ಬೇರೆ ಬೇರೆ ಕಥೆ ಹೇಳ್ತಿವೆ ನೋಡಿ. 13 ಅನ್ನೋದು ಮಷಿನ್‌ನ ತೊಂದ್ರೆ, ಆ 13 ದಾರಿಲಿ 8 ಆಗಿದ್ದು ಗಾಡಿ ತೊಂದ್ರೆ. ಯೂನಿಟ್ ಬದ್ಲಾಯಿಸಿದ್ರೆ ಮೊದಲನೇದು ಹೋಗತ್ತೆ, ಎರಡನೇದು ಹಾಗೇ ಇರತ್ತೆ.

ಗ್ರಿಲ್ ತೆಗೆದು ಟಾರ್ಚ್ ಬಿಟ್ಟಾಗ ಎರಡನೇದ್ರ ಕಾರಣ ಕಣ್ಣೆದುರಿಗೇ ಇತ್ತು. ಮೊದ್ಲು ಹೇಳಿದ ತಡಿಕೆ, ಥರ್ಮೋಕೋಲ್ ಥರದ ಒಂದು ಹಲಗೆ, ಅದಕ್ಕೆ ಫ್ಯಾಕ್ಟರಿಲಿ ಹಾಕಿದ್ದ ಟೇಪಿನ ಅಂಟು ಬಿಸಿಲಿಗೆ ಒಣಗಿ ಒಂದು ಮೂಲೆ ಪೂರ್ತಿ ಬಿಟ್ಕೊಂಡಿತ್ತು, ಬೆರಳು ಎರಡು ಆರಾಮಾಗಿ ತೂರೋಷ್ಟು ಸಂದು. ತಣ್ಣನೆ ಗಾಳಿ ಆ ಸಂದಿಯಿಂದ ವಾಪಸ್ ಹೀರೋ ಕಡೆಗೇ ಹೋಗಿ ಮತ್ತೆ ಕಾಯಿಲ್‌ಗೆ, ಹೀಗೇ ಸುತ್ತು ಹೊಡೀತಿತ್ತು, ರೂಮಿಗೆ ಬರ್ತಾನೇ ಇರಲಿಲ್ಲ. ಅದು ಸಾಲದು ಅಂತ ಡಕ್ಟ್ ಸೇರೋ ಜಾಗದಲ್ಲಿ ಪ್ಲೈವುಡ್ ಕೊಯ್ದಿದ್ದು ಒರಟೊರಟಾಗಿತ್ತು, ಅಂಚಲ್ಲಿ ಸೀಲೇ ಇಲ್ಲ, ಅಲ್ಲಿಂದ ಗಾಳಿ ಸೀಲಿಂಗಿಗೂ ಛಾವಣಿಗೂ ಮಧ್ಯದ ಖಾಲಿ ಜಾಗಕ್ಕೆ ನುಗ್ತಿತ್ತು. ಅಗರಬತ್ತಿ ಹಚ್ಚಿ ಹಿಡಿದ್ರೆ ಹೊಗೆ ಸೀದಾ ಆ ಸಂದಿಗೆ ಎಳ್ಕೊಂಡು ಹೋಯ್ತು. ಅಮ್ಮ ಪೂಜೆಗೆ ಇಟ್ಕೊಂಡಿದ್ದ ಅಗರಬತ್ತಿ ಅದು, ಎರಡು ಕಡ್ಡಿ ಲೆಕ್ಕ ಹಾಕಿ ಕೊಟ್ರು.

ಇದನ್ನ ಸರಿ ಮಾಡೋಕೆ ಬೇಕಾಗಿದ್ದು ಯುಎಲ್ 181 (ಡಕ್ಟಿಗೇ ಅಂತ ಪಾಸಾಗಿರೋ ಗುರುತು) ಅಂತ ಬರೆದಿರೋ ಅಲ್ಯೂಮಿನಿಯಂ ಫಾಯಿಲ್ ಟೇಪು, ಒಂದು ತುಂಡು ಫೋಮ್ ಬೋರ್ಡು. ಹೆಸರಲ್ಲಿ ಡಕ್ಟ್ ಇದೆ ಅಂತ ಬೂದು ಬಣ್ಣದ ಬಟ್ಟೆ ಡಕ್ಟ್ ಟೇಪ್ ಹಾಕ್ಬೇಡಿ, ಒಂದು ಬೇಸಿಗೆಲಿ ಬಿಟ್ಕೊಳತ್ತೆ. ಅಂಟ್ಸೋಕೆ ಮುಂಚೆ ಜಾಗನ ಆಲ್ಕೋಹಾಲಲ್ಲಿ ಒರೆಸ್ಬೇಕು, ಇಲ್ಲಾಂದ್ರೆ ಧೂಳಿನ ಮೇಲೆ ಅಂಟಿ ಉದುರಿಹೋಗತ್ತೆ. ಎಲ್ಲ ಸೇರಿ 20 ಡಾಲರ್ ಆಸುಪಾಸು ಖರ್ಚು, ಕತ್ತು ನೋವು ಬಿಟ್ಟಿ.

ಇನ್ನು ಮೇಲೆ. ಬೆಳಿಗ್ಗೆ ಬೇಗ ಹತ್ತಿದ್ವಿ, ರಬ್ಬರ್ ಛಾವಣಿ ಬಿಸಿಲಲ್ಲಿ ಕಾಲಿಡೋಕಾಗಲ್ಲ. ಹಳೇ ಗಾಡಿ ಛಾವಣಿ ಮೇಲೆ ನೇರ ಮಂಡಿ ಊರೋ ಬದ್ಲು ಒಂದು ಪ್ಲೈವುಡ್ ಹಲಗೆ ಹಾಕ್ಕೊಳ್ಳೋದು ಒಳ್ಳೇದು. ಪ್ಲಾಸ್ಟಿಕ್ ಕವರ್ ತೆಗೆದ್ರೆ ಬಿಸಿ ಹೊರಗೆ ಬಿಡೋ ಕಂಡೆನ್ಸರ್ ಕಾಯಿಲ್ ತುಂಬ ಹತ್ತಿ ಥರದ ಕಸ, ಮರದ ಹೂವಿನ ಪುಡಿ, ಒಂದು ಕಣಜದ ಗೂಡು, ಫಿನ್‌ಗಳು ಅಂದ್ರೆ ಕಾಯಿಲ್ ಮೇಲಿನ ತೆಳು ತಗಡುಗಳು ಆಲಿಕಲ್ಲಿಗೆ ಮಡಚ್ಕೊಂಡಿದ್ವು. ಬ್ರೇಕರ್ ಆಫ್ ಮಾಡಿ, ಕೆಪಾಸಿಟರ್ ಡಿಸ್‌ಚಾರ್ಜ್ ಮಾಡಿ (ಇದನ್ನ ಗೊತ್ತಿಲ್ಲದೋರು ಮುಟ್ಲೇಬೇಡಿ, ಆಫ್ ಮಾಡಿದ್ಮೇಲೂ ಅದ್ರಲ್ಲಿ ಜೋರಾಗಿ ಹೊಡೆಯೋಷ್ಟು ಚಾರ್ಜ್ ಇರತ್ತೆ), ಫಿನ್ ಬಾಚೋ ಬಾಚಣಿಗೆಲಿ ಬಾಚಿ, ಕಾಯಿಲ್ ಕ್ಲೀನರ್ ಹಾಕಿ, ತೋಟಕ್ಕೆ ನೀರು ಬಿಡೋ ಪೈಪಲ್ಲಿ ಮೆಲ್ಲಗೆ ತೊಳೆದಿದ್ದಾಯ್ತು. ಪ್ರೆಶರ್ ವಾಷರ್ ಹಾಕಿದ್ರೆ ಫಿನ್ ಇನ್ನೂ ಮಲಗ್ತಾವೆ. ಕೆಪಾಸಿಟರ್ ಮೇಲೆ 40 ಮೈಕ್ರೋಫ್ಯಾರಡ್ ಅಂತಿತ್ತು, ಅಳೆದ್ರೆ 38, ಅದು ಸರಿಯಾಗೇ ಇದೆ. ಬಹಳ ಕೇಸಲ್ಲಿ ಇದೇ ಕೆಟ್ಟಿರತ್ತೆ, 20, 30 ಡಾಲರಿಗೆ ಮುಗಿಯತ್ತೆ, ಇಲ್ಲಿ ಆ ಅದೃಷ್ಟ ಇರಲಿಲ್ಲ.

ಮಧ್ಯಾಹ್ನ ಮತ್ತೆ ಅಳೆದ್ವಿ. ಹೀರೋ ಗಾಳಿ 84, ಯೂನಿಟ್ ಕೆಳಗೆ 70, ಬೆಡ್‌ರೂಮ್ ವೆಂಟಲ್ಲಿ 72. ಅಂದ್ರೆ ಬೆಡ್‌ರೂಮಲ್ಲಿ 8 ಇದ್ದ ವ್ಯತ್ಯಾಸ 12 ಆಯ್ತು, ಆದ್ರೆ ಯೂನಿಟ್ ಕೆಳಗೆ 13 ಇದ್ದಿದ್ದು 14ಕ್ಕೆ ನಿಂತ್ಬಿಡ್ತು. ಮನೆಯೋರಿಗೆ ಖುಷಿ ಆಗೋಯ್ತು, ರಾತ್ರಿ ಹೊದಿಕೆ ಬೇಕಾಯ್ತು ಅಂದ್ರು, ಇಷ್ಟು ಸಾಕು ಬಿಡ್ರಿ ಅನ್ನೋ ಮೂಡಲ್ಲಿದ್ರು. ಆದ್ರೆ ಕಾಯಿಲ್ ಎಲ್ಲ ಕ್ಲೀನ್ ಇದ್ದು, ವೋಲ್ಟೇಜ್ ಸರಿ ಇದ್ದು, ಫ್ಯಾನ್ ಜೋರಾಗಿ ಓಡ್ತಿದ್ದು ಆದ್ರೂ 14 ಅಂದ್ರೆ ಅದು ಒಳಗಿನ ತೊಂದ್ರೆನೇ.

ಅದನ್ನ ಖಾತ್ರಿ ಮಾಡ್ಕೊಳ್ಳೋಕೆ ಗ್ಯಾಸ್ ಗೇಜ್ ಬೇಕಾಗಿಲ್ಲ, ವೈರ್ ಸುತ್ತ ಹಿಡಿದು ಆಂಪ್ ಅಳೆಯೋ ಕ್ಲ್ಯಾಂಪ್ ಮೀಟರ್ ಸಾಕು. 13,500ರ ಯೂನಿಟ್ ಈ ಬಿಸಿಲಲ್ಲಿ ಎಲ್ಲ ಸೇರಿ 12, 13 ಆಂಪ್ ಎಳೀಬೇಕು, ಹೊರಗೆ ಬಿಸಿ ಏರಿದ ಹಾಗೆ ಕಂಪ್ರೆಸರ್ ಜಾಸ್ತಿ ಕಷ್ಟಪಡೋದ್ರಿಂದ ಆಂಪ್ ಏರತ್ತೆ. ಇದು 9.4ರಲ್ಲಿ ಆರಾಮಾಗಿ ಕೂತಿತ್ತು. ಕಮ್ಮಿ ಕರೆಂಟ್ ತಗೊಳತ್ತೆ ಒಳ್ಳೇದಲ್ವಾ ಅಂದ್ರು ಸ್ನೇಹಿತ್ರು. ಒತ್ತೋಕೆ ಒಳಗೆ ಗ್ಯಾಸೇ ಇಲ್ಲ, ಅದಕ್ಕೇ ಕಷ್ಟ ಆಗ್ತಿಲ್ಲ ಅಷ್ಟೆ. ಗಾಳಿ ತಣ್ಣಗೆ ಮಾಡೋ ಕಾಯಿಲ್ ನೋಡಿದ್ರೆ ಶುರುಲಿರೋ ಎರಡ್ಮೂರು ಪೈಪ್ ಮೇಲೆ ಬಿಳಿ ಮಂಜು ಕಟ್ಟಿತ್ತು, ಮಿಕ್ಕಿದ್ದೆಲ್ಲ ಬೆಚ್ಚಗೆ, ಒಣಕಲು. ಗ್ಯಾಸ್ ಸರಿಯಾಗಿದ್ದಿದ್ರೆ ಕಾಯಿಲ್ ಪೂರ್ತಿ ಒಂದೇ ಸಮ ಬೆವರ್ಬೇಕು. ಕೊನೆಗೆ ಮೇಲೆ ಹೋಗಿ ಪೈಪ್ ಪೈಪ್ ಸವರಿ ನೋಡಿದಾಗ ಸಿಕ್ತು ಜಾಗ. ಕಂಪ್ರೆಸರಿಂದ ಬರೋ ಸಣ್ಣ ತಾಮ್ರದ ಪೈಪು ಪಕ್ಕದ ಕಬ್ಬಿಣದ ಪಟ್ಟಿಗೆ ತಾಗ್ಕೊಂಡಿತ್ತು, ಅಷ್ಟು ವರ್ಷ ರಸ್ತೆ ಕುಲುಕಾಟ, ಕಂಪ್ರೆಸರ್ ನಡುಕ ಎರಡಕ್ಕೂ ಉಜ್ಜಿ ಉಜ್ಜಿ ತಾಮ್ರ ಹೊಳೀತಿತ್ತು, ಸುತ್ತ ಒಂದು ರೂಪಾಯಿ ಅಗಲ ಎಣ್ಣೆ ಕಲೆ, ಅದ್ರ ಮೇಲೆ ಕಪ್ಪು ಧೂಳು. ಗ್ಯಾಸ್ ಜೊತೆ ಕಂಪ್ರೆಸರ್ ಎಣ್ಣೆನೂ ಸ್ವಲ್ಪ ಸ್ವಲ್ಪ ಹೊರಗೆ ಬರತ್ತೆ, ಗ್ಯಾಸ್ ಹಾರಿಹೋಗತ್ತೆ, ಎಣ್ಣೆ ಉಳ್ಕೊಳತ್ತೆ. ಸೋಪಿನ ನೊರೆ ಹಾಕಿದ್ರೆ ಸಾಸಿವೆ ಕಾಳಿನಷ್ಟು ಗುಳ್ಳೆ, ಬಹಳ ನಿಧಾನಕ್ಕೆ, ಒಂದಾದ್ಮೇಲೊಂದು.

ಈಗ ನಿಜವಾದ ಪ್ರಶ್ನೆ ಬಂತು. ಲೀಕ್ ಜಾಗ ಗೊತ್ತು, ಬ್ರೇಜಿಂಗ್ (ಲೋಹ ಕರಗಿಸಿ ಬೆಸೆಯೋದು) ಮಾಡಿ ಗ್ಯಾಸ್ ತುಂಬಿಸೋದಾ? ಊರಲ್ಲಾಗಿದ್ರೆ ಎರಡನೇ ಮಾತಿಲ್ಲ, ತುಂಬಿಸೋದೇ. ಇಲ್ಲಿ ಗ್ಯಾಸ್ ಮುಟ್ಟೋಕೆ ಇಪಿಎ (ಅಮೆರಿಕದ ಪರಿಸರ ಇಲಾಖೆ) ನಿಯಮದ 608 ಸರ್ಟಿಫಿಕೇಟ್ ಇರೋರೇ ಬೇಕು, ಉಳಿದಿರೋ ಗ್ಯಾಸ್ ಮಷಿನ್‌ಗೆ ಎಳ್ಕೋಬೇಕು, ಬ್ರೇಜ್ ಮಾಡ್ಬೇಕು, ವಾಲ್ವ್ ಕೂರಿಸ್ಬೇಕು, ವ್ಯಾಕ್ಯೂಮ್ ಹಾಕ್ಬೇಕು, ಲೇಬಲಲ್ಲಿರೋಷ್ಟು ಔನ್ಸ್ ತೂಕ ಹಾಕಿ ತುಂಬ್ಬೇಕು. ಗಂಟೆಗೆ 150 ಡಾಲರ್ ಮೇಲೆ ಲೇಬರ್ ಇರೋ ಕಡೆ ಇದು ಎಲ್ಲಿಗೆ ಹೋಗಿ ನಿಲ್ಲತ್ತೆ ನೀವೇ ಲೆಕ್ಕ ಹಾಕಿ. ಆರ್‌ವಿ ಶಾಪಲ್ಲಿ ಕೇಳಿದ್ರೆ ನಾವು ಸೀಲ್ಡ್ ಸಿಸ್ಟಮ್ ಬಿಚ್ಚಲ್ಲ ಅಂದ್ರು. ಮನೆ ಎಸಿ ಮಾಡೋ ಒಬ್ರು ಒಪ್ಕೊಂಡ್ರು, 650 ಡಾಲರ್, ಗ್ಯಾರಂಟಿ ಇಲ್ಲ. ಗಾಡಿಲಿದ್ದ ಗ್ಯಾಸ್ ಆರ್-410ಎ, ಸಿಗತ್ತೆ. ಅದಕ್ಕಿಂತ ಹಳೇ ಯೂನಿಟ್, ಆರ್-22 ಇರೋದಾಗಿದ್ರೆ ಯೋಚ್ನೆನೇ ಬೇಡ, ಅಮೆರಿಕದಲ್ಲಿ ಅದ್ರ ಉತ್ಪಾದನೆ, ಆಮದು ಎರಡೂ 2020ರ ಜನವರಿಗೇ ನಿಂತ್ಹೋಗಿದೆ.

ಹೊಸ ಯೂನಿಟ್ ಬರೀ ಡಬ್ಬ 950 ಡಾಲರಿಗೆ ಸಿಗ್ತಿತ್ತು, ನಾವೇ ಕೂರಿಸೋದಾದ್ರೆ. ವ್ಯತ್ಯಾಸ 300. ಹಳೇ ಕಂಪ್ರೆಸರ್ ಎಷ್ಟು ದಿನ ಗ್ಯಾಸ್ ಕಮ್ಮಿ ಇಟ್ಕೊಂಡು ಓಡಿದೆಯೋ ಯಾರಿಗೂ ಗೊತ್ತಿಲ್ಲ, ವಾಪಸ್ ಬರೋ ತಣ್ಣನೆ ಗ್ಯಾಸೇ ಅದ್ರ ಮೋಟರನ್ನ ತಂಪಾಗಿಡೋದು, ಅದು ಕಮ್ಮಿಯಾದ್ರೆ ಒಳಗಡೆ ಬೇಯ್ತಾ ಇರತ್ತೆ. ಅಂಥದ್ದಕ್ಕೆ 650 ಹಾಕಿ ಮುಂದಿನ ಜುಲೈಲಿ ಕಂಪ್ರೆಸರ್ ಹೋದ್ರೆ ಎರಡೂ ಖರ್ಚು ಮೈಮೇಲೆ. ನನ್ನ ಅಭಿಪ್ರಾಯ ಹೊಸದು ಅಂತಲೇ ಇತ್ತು. ಯೂನಿಟ್‌ಗೆ ನಾಲ್ಕೈದು ವರ್ಷ ಮಾತ್ರ ಆಗಿದ್ದು, 608 ಇರೋರು ಯಾರಾದ್ರೂ ಪರಿಚಯದೋರು 250, 300ಕ್ಕೆ ಮಾಡ್ಕೊಡ್ತೀನಿ ಅಂದಿದ್ರೆ ಬ್ರೇಜಿಂಗಿಗೇ ಹೂಂ ಅಂತಿದ್ದೆ.

ಹೊಸದು ಅಂದ್ಮೇಲೆ 15,000 ಬಿಟಿಯುದೇ ತಗೊಳ್ಳೋಣ ಅಂತ ಸ್ನೇಹಿತ್ರು ಹಠ ಹಿಡಿದ್ರು. ತೂತು ಅದೇ 14 ಇಂಚು, ಕೂರತ್ತೆ. ಆದ್ರೆ ಜಾಸ್ತಿ ಸಿಗೋದು 11 ಪರ್ಸೆಂಟ್, ಎಳೆಯೋದು 15 ಆಂಪ್ ಹತ್ರ. 30 ಆಂಪ್ ಗಾಡಿಲಿ ವಾಟರ್ ಹೀಟರ್ ಕರೆಂಟಲ್ಲಿ ಹಾಕಿದ್ರೆ 1,440 ವಾಟ್, ಅಂದ್ರೆ 12 ಆಂಪ್, ಎರಡೂ ಸೇರಿ 27, ಆಗ ಯಾರಾದ್ರೂ ಮೈಕ್ರೋವೇವ್ ಒತ್ತಿದ್ರೆ ಬ್ರೇಕರ್ ಟ್ರಿಪ್. ಅಲ್ದೇ ಅವರ ಹತ್ರ ಇರೋದು ಸೂಟ್‌ಕೇಸ್ ಥರದ 2,200 ವಾಟ್ ಜನರೇಟರ್, ನಿಜವಾಗಿ ಸತತ ಕೊಡೋದು 1,800. ಸಾಫ್ಟ್ ಸ್ಟಾರ್ಟ್ (ಕಂಪ್ರೆಸರ್ ಶುರುವಾಗುವಾಗ ಕರೆಂಟ್ ಒಮ್ಮೆಲೇ ಎಳೆಯದ ಹಾಗೆ ಮಾಡೋ ಚಿಕ್ಕ ಡಬ್ಬಿ) ಹಾಕಿದ್ರೆ 13,500ದು ಅದ್ರಲ್ಲಿ ಓಡತ್ತೆ, 15,000ದು ಬಿಸಿಲಲ್ಲಿ ಉಸಿರು ಬಿಡತ್ತೆ. ಕೊನೆಗೆ 13,500ಕ್ಕೇ ಒಪ್ಕೊಂಡ್ರು. ಹಳೇ ಯೂನಿಟ್ ಯಾವ ಕಂಪನಿದೋ ಅದೇ ಕಂಪನಿದು, ಅದೇ ಥರ್ಮೋಸ್ಟಾಟಿಗೆ ಹೊಂದೋದು ತಗೊಂಡಿದ್ರಿಂದ ಒಳಗಿನ ಕಂಟ್ರೋಲ್ ಬಾಕ್ಸ್, ಸೀಲಿಂಗ್ ಭಾಗ ಬದ್ಲಾಯಿಸೋ ಗೋಜಿಲ್ಲ. ಕಂಪನಿ ಬದ್ಲಾದ್ರೆ ಆ ಖರ್ಚು ಬೇರೆ, ಬಹಳ ಜನ ಡಬ್ಬದ ರೇಟ್ ಮಾತ್ರ ನೋಡಿ ಇದನ್ನ ಮರೀತಾರೆ.

ಕೂರಿಸೋದು ಬುದ್ಧಿ ಕೆಲ್ಸಕ್ಕಿಂತ ಭುಜದ ಕೆಲ್ಸ. ಕೆಳಗಿಂದ ನಾಲ್ಕು ಉದ್ದದ ಬೋಲ್ಟ್ ಬಿಚ್ಚಿದ್ರೆ ಹಳೇದು ಮೇಲಕ್ಕೆ ಬರತ್ತೆ, ತೂಕ 80ರಿಂದ 100 ಪೌಂಡ್, ಏಣಿ ಮೇಲೆ ಒಬ್ರೇ ಸಾಹಸ ಮಾಡ್ಬೇಡಿ. ಡಬ್ಬಕ್ಕೂ ಛಾವಣಿಗೂ ಮಧ್ಯೆ ನೀರು ತಡೆಯೋ ಹಳೇ ಗ್ಯಾಸ್ಕೆಟ್ ಪೂರ್ತಿ ಕೆರೆದು ಹೊಸದು ಹಾಕ್ಬೇಕು, ಅದ್ರ ಕೆಳಗೆ ಸಿಲಿಕೋನ್ ಬಳಿಯೋ ಆಸೆ ಬೇಡ. ಬೋಲ್ಟ್ ಸಮಸಮವಾಗಿ ಸುತ್ತುತ್ತಾ ಗ್ಯಾಸ್ಕೆಟ್ ಅರ್ಧ ಇಂಚಿಗೆ ಇಳಿದಾಗ ನಿಲ್ಲಿಸ್ಬೇಕು, ಇನ್ನೂ ಬಿಗಿದ್ರೆ ಛಾವಣಿ ತಗ್ಗಾಗಿ ಮಳೆನೀರು ಅಲ್ಲೇ ನಿಲ್ಲತ್ತೆ. ಕೂರಿಸಿದ್ಮೇಲೆ ಆ ತಡಿಕೆಗೆ ಮತ್ತೆ ಟೇಪ್ ಹಾಕಿದ್ವಿ, ಹಳೇ ಟೇಪ್ ಬಿಚ್ಚುವಾಗ ಹರಿದಿತ್ತು.

ಹೊಸದ್ರ ನಂಬರ್, ಹೊರಗೆ 101 ಇದ್ದಾಗ: ಯೂನಿಟ್ ಕೆಳಗೆ 20 ಡಿಗ್ರಿ ವ್ಯತ್ಯಾಸ, ಬೆಡ್‌ರೂಮಲ್ಲಿ 18, ಸಂಜೆ ನಾಲ್ಕಕ್ಕೆ ಒಳಗೆ 77. ಈಗ ಒಂದು ಲೆಕ್ಕ ನೋಡಿ. ಟೇಪ್ ಹಾಕೋ ಮುಂಚೆ ಯೂನಿಟ್ ಕೊಡ್ತಿದ್ದ 13ರಲ್ಲಿ ಬೆಡ್‌ರೂಮ್ ಮುಟ್ತಿದ್ದು 8. ಡೀಲರ್ ಹೇಳಿದ ಹಾಗೆ ಬರೀ ಡಬ್ಬ ಬದ್ಲಾಯಿಸಿ ಸೋರಿಕೆ ಹಾಗೇ ಬಿಟ್ಟಿದ್ರೆ, ಅದೇ ಲೆಕ್ಕದಲ್ಲಿ 20ರಲ್ಲಿ ಬೆಡ್‌ರೂಮಿಗೆ 12ರ ಹತ್ರ ಸಿಗ್ತಿತ್ತು. ಹಳೇ ಯೂನಿಟ್ಟಲ್ಲೇ ಟೇಪ್ ಹಾಕಿ ಕ್ಲೀನ್ ಮಾಡಿದಾಗ ಬಂದಿದ್ದೂ 12. 2,100 ಡಾಲರ್ ಕೊಟ್ಟು, ಅಯ್ಯೋ ಹೊಸ ಎಸಿನೂ ಅಷ್ಟಕ್ಕಷ್ಟೇ ಅಂತ ಕೂತಿರ್ತಿದ್ರು.

ಒಳಗೆ ಹುಟ್ಟೋ ಬಿಸಿ ಬಗ್ಗೆನೂ ಒಂದು ಮಾತು. ಆರ್‌ವಿ ಗ್ಯಾಸ್ ಒಲೆಯ ಒಂದು ಬರ್ನರ್ ಫುಲ್ ಉರಿಲಿ 6,500ರಿಂದ 9,000 ಬಿಟಿಯು. ಅಮ್ಮ ಬೆಳಿಗ್ಗೆ ಹತ್ತೂವರೆಗೆ ಎಲ್ಲರಿಗೂ ದೋಸೆ ಹುಯ್ಯೋಕೆ ನಿಂತ್ರೆ ಎಸಿ ಶಕ್ತಿಲಿ ಅರ್ಧಕ್ಕೂ ಮಿಕ್ಕಿ ಕಾವಲಿಗೇ ಸರಿಹೋಗ್ತಿತ್ತು, ಜೊತೆಗೆ ಹಬೆ ಬೇರೆ. ಈಗ ಹೊರಗೆ ಆನಿಂಗ್ (ಗಾಡಿ ಪಕ್ಕಕ್ಕೆ ಬಿಚ್ಚೋ ಬಟ್ಟೆ ಚಪ್ಪರ) ಕೆಳಗೆ ಇಂಡಕ್ಷನ್ ಒಲೆ ಇಟ್ಕೊಟ್ಟಿದ್ದಾರೆ, ಅಮ್ಮನಿಗೆ ಅದ್ರ ಮೇಲೆ ನಂಬಿಕೆ ಇಲ್ಲ, ದೋಸೆ ಗರಿಗರಿ ಆಗಲ್ಲ ಅಂತಾರೆ, ಆದ್ರೂ ಹುಯ್ತಾರೆ. ಬಾತ್‌ರೂಮ್ ಸ್ಕೈಲೈಟಿಗೆ, ಛಾವಣಿ ವೆಂಟಿಗೆ ಫೋಮ್ ದಿಂಬು ತುರುಕಿದ್ದು, ಎಸಿನ ಮಧ್ಯಾಹ್ನ ಗಾಡಿ ಕಾದ್ಮೇಲೆ ಹಾಕೋ ಬದ್ಲು ಬೆಳಿಗ್ಗೆನೇ ಹಾಕೋದು, ಇವೂ ಕೆಲ್ಸ ಮಾಡಿವೆ.

ಒಟ್ಟು ಖರ್ಚು ಯೂನಿಟ್ 950, ಸಾಫ್ಟ್ ಸ್ಟಾರ್ಟ್ 300, ಟೇಪು ಫೋಮು ಕ್ಲೀನರ್ ಸೇರಿ 40ರ ಹತ್ರ. ಉಳಿದಿದ್ದು ಹಳೇ ಡಬ್ಬ. ಗ್ಯಾಸ್ ಇರೋದನ್ನ ಹಾಗೇ ಗುಜರಿಗೆ ಹಾಕೋ ಹಾಗಿಲ್ಲ, ಪೈಪ್ ಕತ್ತರಿಸಿ ಗಾಳಿಗೆ ಬಿಡೋದು ಇಲ್ಲಿ ಕಾನೂನು ಪ್ರಕಾರ ಅಪರಾಧ. 650 ಕೇಳಿದ್ದ ಅದೇ ಎಸಿಯೋರು ಬಂದು ಗ್ಯಾಸ್ ಎಳ್ಕೊಂಡು 60 ಡಾಲರ್ ತಗೊಂಡ್ರು. ಲೇಬಲ್ ಮೇಲೆ 18 ಔನ್ಸ್ ಅಂತಿತ್ತು, ಅವರ ತಕ್ಕಡಿಲಿ ಬಂದಿದ್ದು 11ಕ್ಕೂ ಕಮ್ಮಿ.